ಬಜೆಟ್ ತಡವಾದರೆ ಸಂಬಳ ಕಟ್: ಅಮೆರಿಕದಲ್ಲಿ ಇದು ನಡೆಯುತ್ತಾ?

ಪ್ರಶ್ನೆ: ಅಮೆರಿಕದಲ್ಲಿ ಅಕ್ಟೋಬರ್ 1ರೊಳಗೆ ಖರ್ಚಿನ ಬಿಲ್ ಪಾಸಾಗದೆ ಸರ್ಕಾರಿ ಕಚೇರಿಗಳಿಗೆ ಬೀಗ ಬಿದ್ದರೂ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಸದಸ್ಯರ ಸಂಬಳ, ವರ್ಷಕ್ಕೆ 1,74,000 ಡಾಲರ್, ನಿಲ್ಲುವುದಿಲ್ಲ. 2018-19ರಲ್ಲಿ 35 ದಿನ ಬಂದ್ ಆದಾಗ ಏರ್‌ಪೋರ್ಟ್‌ನಲ್ಲಿ ಬ್ಯಾಗ್ ಚೆಕ್ ಮಾಡುವವರು ಸಂಬಳವಿಲ್ಲದೆ ಡ್ಯೂಟಿ ಮಾಡಿದರು. ಕಾಂಗ್ರೆಸ್ ಸದಸ್ಯರ ಸಂಬಳಕ್ಕೂ ಕತ್ತರಿ ಹಾಕಿದರೆ ತಪ್ಪೇನು?

ಉತ್ತರ 1: ಸಂವಿಧಾನವೇ ಅಡ್ಡ ಬರುತ್ತದೆ. 27ನೇ ತಿದ್ದುಪಡಿ ಪ್ರಕಾರ ಅವರ ಸಂಬಳ ಬದಲಿಸುವ ಕಾನೂನು ಮುಂದಿನ ಚುನಾವಣೆ ಆಗುವವರೆಗೆ ಜಾರಿಯಾಗುವುದಿಲ್ಲ. ಅದಕ್ಕೇ 2013ರಲ್ಲಿ ಒಂದು ಉಪಾಯ ಮಾಡಿದರು: ಏಪ್ರಿಲ್ 15ರೊಳಗೆ ಬಜೆಟ್ ನಿರ್ಣಯ (ಖರ್ಚಿನ ಬಿಲ್ ಅಲ್ಲ, ಅದರ ರೂಪುರೇಷೆ ಮಾತ್ರ) ಪಾಸು ಮಾಡದ ಸದನದ ಸಂಬಳ ಸ್ವಲ್ಪ ದಿನ ತಡೆಹಿಡಿಯುವುದು, ಕೊನೆಗೆ ಪೂರ್ತಿ ಕೊಡುವುದು. ಎರಡೂ ಸದನಗಳು ಗಡುವಿನೊಳಗೇ ಪಾಸು ಮಾಡಿದವು, ಆದರೆ ಬೇರೆ ಬೇರೆ ಬಜೆಟ್! ಅದೇ ಅಕ್ಟೋಬರ್‌ನಲ್ಲಿ 16 ದಿನ ಸರ್ಕಾರ ಬಂದ್.

ಉತ್ತರ 2: ಕ್ಯಾಲಿಫೋರ್ನಿಯಾ ನೋಡಿ. 2010ರಲ್ಲಿ ಜನರೇ ಮತ ಹಾಕಿ, ಬಜೆಟ್ ಪಾಸಾಗದೆ ಜೂನ್ 15 ದಾಟಿದರೆ ದಿನದ ಲೆಕ್ಕದಲ್ಲಿ ಶಾಸಕರ ಸಂಬಳ ಖೋತಾ ಅಂತ ಮಾಡಿದರು, ಅದು ಆಮೇಲೂ ಸಿಗುವುದಿಲ್ಲ. 2011ರಲ್ಲಿ ಶಾಸಕರು ಪಾಸು ಮಾಡಿದ ಬಜೆಟ್‌ನಲ್ಲಿ ಆದಾಯ-ಖರ್ಚು ತಾಳೆಯಾಗಲ್ಲ ಅಂತ ರಾಜ್ಯದ ಕಂಟ್ರೋಲರ್ (ಖಜಾನೆಯಿಂದ ಹಣ ಪಾವತಿ ಮಾಡುವ ಅಧಿಕಾರಿ) ಅವರ ಸಂಬಳ ತಡೆದರು. ಆದರೆ ಆಮೇಲೆ ಕೋರ್ಟ್, ಆ ಅಧಿಕಾರ ಕಂಟ್ರೋಲರ್‌ಗೆ ಇಲ್ಲ ಅಂದಿತು. ಅಂದರೆ ಪರೀಕ್ಷೆ ಬರೆಯುವವರೂ ಶಾಸಕರೇ, ಮಾರ್ಕ್ಸ್ ಹಾಕುವವರೂ ಅವರೇ!

ಉತ್ತರ 3: ನನಗೆ ಇದು ಸುಮ್ನೆ ಚಪ್ಪಾಳೆ ಗಿಟ್ಟಿಸುವ ಐಡಿಯಾ ಅನ್ಸುತ್ತೆ. ಕೋಟ್ಯಧಿಪತಿ ಸದಸ್ಯರಿಗೆ ಒಂದೆರಡು ತಿಂಗಳ ಸಂಬಳ ಲೆಕ್ಕಕ್ಕೇ ಇಲ್ಲ. ಸಂಬಳದಿಂದಲೇ ಬಾಡಿಗೆ ಕಟ್ಟುವ ಸದಸ್ಯರು ಮಾತ್ರ ಮೊದಲು ಬಗ್ಗುತ್ತಾರೆ, ಅಲ್ವಾ? ಕ್ಯಾಲಿಫೋರ್ನಿಯಾದಲ್ಲೂ ಜಾಸ್ತಿ ಕೆಲಸ ಮಾಡಿದ್ದು ಸಂಬಳದ ಭಯ ಅಲ್ಲ, ಬಜೆಟ್‌ಗೆ ಮೂರನೇ ಎರಡರಷ್ಟು ಮತದ ಬದಲು ಸರಳ ಬಹುಮತ ಸಾಕು ಅಂತ ಅದೇ ಸಲ ಬದಲಿಸಿದ್ದು.