ಪುಟ್ಟಿ, ಮೊದಲು ಅಪ್ಪನ ಕಾರಿನ ಕೀ ಎತ್ತಿಡು
ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ರಾತ್ರಿ ಎದುರಿನ ಗಾಡಿಯ ಲೈಟು ಅಪ್ಪನಿಗೆ ಚೆದುರಿದ ಹಾಗೆ ಕಾಣುತ್ತದೆ, ಕನ್ನಡಕ ಬದಲಾಯಿಸಿದರೆ ಸಾಕಾ ಅಂತ ಕೇಳಿದ್ದೀಯ. ಕನ್ನಡಕ ಆಮೇಲೆ. ಮೊದಲು ಕಾರಿನ ಕೀ ಎತ್ತಿಡು. ಕತ್ತಲಾದ ಮೇಲೆ ಅವನು ಗಾಡಿ ಓಡಿಸುವುದು ಬೇಡ. ಅವನ ಹಟ ಗೊತ್ತಲ್ಲ, ಥೇಟ್ ನಮ್ಮಮ್ಮನದೇ.

ನನ್ನ ಕಥೆ ನಿಮಗೆಲ್ಲ ಗೊತ್ತು, ಆದರೂ ಹೇಳುತ್ತೇನೆ. ಅರಸೀಕೆರೆ ಮದುವೆ ಮುಗಿಸಿ ಹಾಸನಕ್ಕೆ ಬರುತ್ತಿದ್ದೆವು. ದೊಡ್ಡಮ್ಮನ ಮಡಿಲಲ್ಲಿ ತಾಂಬೂಲದ ಚೀಲ. ಎದುರಿಗೊಂದು ಲಾರಿ ಬಂತು, ಡಿಮ್ ಮಾಡಲಿಲ್ಲ. ಗ್ಲಾಸಿಗೆ ಯಾರೋ ಮಜ್ಜಿಗೆ ಎರಚಿದ ಹಾಗೆ ಎಲ್ಲ ಬೆಳ್ಳಗಾಯಿತು. ಲಾರಿ ದಾಟಿ ಹೋದರೂ ಕಣ್ಣು ತಕ್ಷಣ ಕತ್ತಲೆಗೆ ಹೊಂದಿಕೊಳ್ಳುವುದಿಲ್ಲ. ವಯಸ್ಸಾದಂತೆ ಇನ್ನೂ ಜಾಸ್ತಿ ಹೊತ್ತು ಬೇಕು. ಅಷ್ಟರಲ್ಲೇ ಧಡ್ ಅಂತು. ತೆಂಗಿನಕಾಯಿ ತುಂಬಿ ರಸ್ತೆ ಬದಿಗೆ ನಿಲ್ಲಿಸಿದ್ದ ಟ್ರ್ಯಾಕ್ಟರ್ ಟ್ರೈಲರ್. ಹಿಂದೆ ಒಂದು ರೇಡಿಯಂ ಸ್ಟಿಕ್ಕರ್ ಕೂಡ ಇಲ್ಲ. ಮೂರು ಕಾಯಿ ಉರುಳಿ ಬಾನೆಟ್ ಮೇಲೆ ಬಂದು ಕೂತವು. ನಾವು ಉಳಿದದ್ದೇ ಹೆಚ್ಚು.

ಹಗಲು ನನಗೆ ಎಲ್ಲ ಕಾಣುತ್ತಿತ್ತು ಕಣಮ್ಮ. ಕನ್ನಡಕದ ಅಂಗಡಿಯಲ್ಲಿ ಬೋರ್ಡಿನ ಅಕ್ಷರ ಪಟಪಟ ಓದಿದ್ದೆ. ಪೊರೆ ಅಂತ ಡಾಕ್ಟರು ಹೇಳಿದ್ದು ಆಮೇಲೆ. ಕಣ್ಣೊಳಗಿನ ಲೆನ್ಸು ಮಂಜಾದರೆ ಬೆಳಕು ಒಂದು ಕಡೆ ಕೂಡದೆ ಒಳಗೇ ಚೆಲ್ಲಾಡುತ್ತದಂತೆ. ಬಿಳಿ ಬೋರ್ಡಿನ ಕಪ್ಪಕ್ಷರ ಓದಿದವನಿಗೂ ಎದುರಿಂದ ಲೈಟು ಬಿದ್ದರೆ ಏನೂ ಕಾಣುವುದಿಲ್ಲ. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ರಾತ್ರಿ ಗಾಡಿ ಬೇಡ. ಊರಿಗೂ ಬೇಡ, ಮೂಲೆ ಅಂಗಡಿಗೂ ಬೇಡ.

ನಮ್ಮವರು ಆವಾಗ ಏನಂದರು ಗೊತ್ತಾ? ಕುಡಿದಿದ್ದ ಅಂತ! ಮದುವೆ ಮನೆಯಲ್ಲಿ ನಾನು ಕುಡಿದದ್ದು ಎರಡು ಲೋಟ ಪಾನಕ. ಹಾಗಂದವರು ಈ ಗ್ರೂಪಿನಲ್ಲೇ ಇದ್ದಾರೆ, ಹೆಸರು ಬೇಡ. ಅವರ ಗೃಹಪ್ರವೇಶಕ್ಕೆ ಮೂರು ದಿನ ನಿಂತು ಅಡುಗೆಯವರನ್ನು ನೋಡಿಕೊಂಡವನು ನಾನು. ಆಪರೇಷನ್ ಆದಾಗ ಬಂದು 'ತಪ್ಪಾಯಿತು ಅಣ್ಣ' ಅಂದರಾ? ಆರು ಮೂಸಂಬಿ ತಂದರು, ಅವೂ ಒಣಗಿದ್ದವು. ಹೋಗಲಿ ಬಿಡಿ.

ಹಾಂ, ಮುಖ್ಯವಾದದ್ದೇ ಮರೆತೆ. ಅಪ್ಪನನ್ನು ಕಣ್ಣಿನ ಡಾಕ್ಟರಿಗೇ ತೋರಿಸು, ಅಂಗಡಿಯಲ್ಲಿ ಅಲ್ಲ. ಹನಿ ಹಾಕಿ, ಪಾಪೆ ಅಗಲ ಮಾಡಿ ನೋಡುತ್ತಾರೆ. ಆಮೇಲೆ ಕೆಲವು ಗಂಟೆ ಕಣ್ಣು ಮಂಜು, ಬಿಸಿಲು ಚುಚ್ಚುತ್ತದೆ. ನೀನೇ ಕರೆದುಕೊಂಡು ಹೋಗು, ತಂಪು ಕನ್ನಡಕ ಇಟ್ಟುಕೋ. ರಾತ್ರಿ ಡ್ರೈವಿಂಗಿಗೆ ಅಂತ ಮಾರುವ ಹಳದಿ ಕನ್ನಡಕ ಬೇಡ, ಇರುವ ಬೆಳಕನ್ನೂ ತಿನ್ನುತ್ತದೆ. ಪೊರೆ ಆಗಿದ್ದರೆ ಹಣ್ಣಾಗಲಿ ಅಂತ ಕಾಯಬೇಕಿಲ್ಲ. ಅದೆಲ್ಲ ಎಂ.ಸಿ. ಮೋದಿ ಡಾಕ್ಟರು ಊರೂರಲ್ಲಿ ಕಣ್ಣಿನ ಆಪರೇಷನ್ ಕ್ಯಾಂಪು ಹಾಕುತ್ತಿದ್ದ ಕಾಲ, ಆಪರೇಷನ್ ಆದವರಿಗೆ ಸೋಡಾಬುಡ್ಡಿ ಕನ್ನಡಕ. ಈಗ ಒಳಗೇ ಲೆನ್ಸು ಕೂರಿಸುತ್ತಾರೆ.

ಇನ್ನೊಂದು. ದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಂಡು, ಜೊತೆಗೆ ಕಣ್ಣುನೋವು, ವಾಂತಿ ಬಂದರೆ ಬೆಳಗಾಗಲಿ ಅನ್ನಬೇಡ. ಕಣ್ಣಿನ ಒತ್ತಡ ಏರಿರಬಹುದು, ಆಗಲೇ ಆಸ್ಪತ್ರೆಗೆ ಹೊರಡಿ.

ಕೀ ನಿನ್ನ ಕೈಗೆ ಬಂದ ಮೇಲೆ ಇಲ್ಲಿ ಮೆಸೇಜು ಹಾಕು.