ಸಹಾಯ ಬೇಕು: ವಾಘೋಲಿಯ ಈ ನೀಲಿ ಹರಳು ಯಾವುದು?

ಪುಣೆ ಕನ್ನಡಿಗರಿಗೆ ನಮಸ್ಕಾರ. ಪುಣೆ ಹತ್ತಿರದ ವಾಘೋಲಿ ಕ್ವಾರಿಯ ಒಂದು ಬಸಾಲ್ಟ್ (ಲಾವಾ ಗಟ್ಟಿಯಾಗಿ ಆದ ಕಪ್ಪು ಕಲ್ಲು) ಚೂರು ನನ್ನ ಹತ್ತಿರ ಇದೆ. ಅದರ ಪೊಟರೆಯಲ್ಲಿ ಬಿಳಿ ಸ್ಟಿಲ್ಬೈಟ್ ಖನಿಜ, ಮೇಲೆ ಸಾಸಿವೆಗಿಂತ ಚಿಕ್ಕ ಕಡುನೀಲಿ ಹರಳುಗಳು. ನೋಡಿದವರೆಲ್ಲ ಕ್ಯಾವನ್ಸೈಟ್ ಅನ್ನೋ ನೀಲಿ ಖನಿಜ ಅಂತಾರೆ. ಆದರೆ ಇನ್ನೂ ಅಪರೂಪದ ಪೆಂಟಗೊನೈಟ್ ಅನ್ನೋ ನೀಲಿ ಖನಿಜ ಕೂಡ ಅಲ್ಲೇ ಸಿಗುತ್ತದೆ. ಎರಡರ ರಾಸಾಯನಿಕ ಸೂತ್ರವೂ ಒಂದೇ, ಸುಮ್ನೆ ಬಣ್ಣ ನೋಡಿ ಹೇಳೋಕಾಗಲ್ಲ. ಕ್ಯಾವನ್ಸೈಟ್ ಜಾಸ್ತಿ ಉಂಡೆ ಉಂಡೆಯಾಗಿರುತ್ತದೆ. ಪೆಂಟಗೊನೈಟ್‌ನಲ್ಲಿ ಹರಳುಗಳು ಕೂಡಿಕೊಂಡು ಬೆಳೆದಾಗ, ತುದಿಯಿಂದ ನೋಡಿದರೆ ಐದು ಮೂಲೆಯ ನಕ್ಷತ್ರ ಕಾಣುತ್ತದೆ. ನನ್ನವು ಉಂಡೆಯಲ್ಲ, ಬಿಡಿಬಿಡಿ ಕಡ್ಡಿಗಳು, ಅದಕ್ಕೇ ಪೆಂಟಗೊನೈಟ್ ಇರಬಹುದು ಅಂತ ಇಷ್ಟು ಆಸೆ!

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ, ಅಂದರೆ 10ಎಕ್ಸ್ ಲೂಪ್‌ನಲ್ಲಿ ತುದಿ ಸ್ಪಷ್ಟವಾಗುತ್ತಿಲ್ಲ. ಯಾರ ಹತ್ತಿರವಾದರೂ ಸ್ಟೀರಿಯೋ ಮೈಕ್ರೋಸ್ಕೋಪ್ ಇದೆಯಾ? ಭೂವಿಜ್ಞಾನ ಓದುವವರು ರಾಮನ್ ಪರೀಕ್ಷೆ (ಲೇಸರ್ ಬೆಳಕು ಬಿಟ್ಟು ಖನಿಜ ಗುರುತಿಸುವುದು) ಮಾಡಿಸಬಹುದಾ? ಹರಳು ಪುಡಿ ಮಾಡುವುದು ಮಾತ್ರ ಬೇಡ. ಕಲ್ಲು ನಾನೇ ತರುತ್ತೇನೆ.