ಪದಚರ್ಚೆ: ಬಣ್ಣ ಬದಲಿಸುವ ಹರಳು, ಸಾಣೆ ಹಿಡಿಯದ ಹರಳು

ಎಲ್ಲರಿಗೂ ನಮಸ್ಕಾರ,

ಹರಳುಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಕಡೆ ಸರಿಯಾದ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ‘ಬಣ್ಣ ಬದಲಿಸುವ ಹರಳು’. ಕೇಳಲು ಚೆನ್ನಾಗಿದೆ, ಆದರೆ ಇದರೊಳಗೆ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. 1830ರ ದಶಕದಲ್ಲಿ ರಷ್ಯಾದ ಉರಲ್ ಬೆಟ್ಟಗಳಲ್ಲಿ ಸಿಕ್ಕಿದ ಅಲೆಕ್ಸಾಂಡ್ರೈಟ್ ಹಗಲಿನಲ್ಲಿ ಹಸಿರು, ಮೇಣದಬತ್ತಿಯ ಬೆಳಕಿನಲ್ಲಿ ಕೆಂಪು. ಅದರೊಳಗಿನ ಕ್ರೋಮಿಯಂ ಹಳದಿ ಬೆಳಕನ್ನು ಹೀರಿಕೊಂಡು ಹಸಿರನ್ನೂ ಕೆಂಪನ್ನೂ ಬಿಟ್ಟುಕೊಡುತ್ತದೆ. ಬೀಳುವ ಬೆಳಕಿನಲ್ಲಿ ಯಾವುದು ಜಾಸ್ತಿಯೋ ಆ ಬಣ್ಣ ಕಣ್ಣಿಗೆ ಕಾಣುತ್ತದೆ. ಬದಲಾಗುವುದು ಬೆಳಕು, ಹರಳು ಇದ್ದ ಹಾಗೇ ಇರುತ್ತದೆ.

ಟಾಂಜನೈಟ್‌ನ ರೀತಿ ಬೇರೆ. ಬೆಳಕು ಅದೇ ಇರಲಿ, ಹರಳನ್ನು ಸುಮ್ನೆ ಕೈಯಲ್ಲಿ ತಿರುಗಿಸಿದರೆ ಸಾಕು. ಒಂದು ಕಡೆಯಿಂದ ನೀಲಿ, ಇನ್ನೊಂದು ಕಡೆಯಿಂದ ನೇರಳೆ, ಮತ್ತೊಂದು ಕಡೆಯಿಂದ ಕಂದುಗೆಂಪು! ನೆಲದಿಂದ ಬಂದ ಹಾಗೇ ಇರುವ ಹರಳಿನಲ್ಲಿ ಮಾತ್ರ ಈ ಮೂರೂ ಚೆನ್ನಾಗಿ ಕಾಣುತ್ತವೆ. ಮಾರಾಟಕ್ಕೆ ಬರುವ ಹೆಚ್ಚಿನವನ್ನು ಕಾಯಿಸಿರುತ್ತಾರೆ, ಕಂದು ಹೋಗಿಬಿಡುತ್ತದೆ. ಆಮೇಲೆ ಸಾಣೆ ಹಿಡಿಯುವವರು ಉಳಿದ ಎರಡರಲ್ಲಿ ಯಾವುದು ಮೇಲಿಂದ ಕಾಣಬೇಕು ಎಂದು ಆರಿಸುತ್ತಾರೆ. ನನಗಂತೂ ಆ ಮೂರು ಬಣ್ಣದ ಒರಟು ಹರಳೇ ಚೆಂದ.

ಹ್ಯಾಕ್‌ಮನೈಟ್ ಮಾತ್ರ ನಿಜವಾಗಿಯೂ ತಾನೇ ಬದಲಾಗುತ್ತದೆ. ಅತಿನೇರಳೆ ಬೆಳಕು ತಾಗಿದರೆ ಗುಲಾಬಿಯೋ ನೇರಳೆಯೋ ಆಗುತ್ತದೆ, ಹಗಲಿನಲ್ಲಿ ಇಟ್ಟರೆ ಮತ್ತೆ ಮಾಸುತ್ತದೆ.

ಇವಕ್ಕೆಲ್ಲ ಒಂದೇ ಮಾತು ಸಾಲದು, ಅಲ್ವಾ? ಅಲೆಕ್ಸಾಂಡ್ರೈಟಿಗೆ ‘ಬೆಳಕಿಗೊಂದು ಬಣ್ಣ’, ಟಾಂಜನೈಟಿಗೆ ‘ದಿಕ್ಕಿಗೊಂದು ಬಣ್ಣ’ ಎಂದು ಬರೆದು ನೋಡಿದೆ, ಒಪ್ಪುತ್ತದೆ ಅನ್ನಿಸಿತು. ಟಾಂಜನೈಟಿನ ಈ ಗುಣವನ್ನು ‘ಬಹುವರ್ಣತೆ’ ಎಂದರೆ ದಿಕ್ಕಿನ ಸುಳಿವೇ ಸಿಗುವುದಿಲ್ಲ. ಒಳಗೆ ಗುಲಾಬಿ, ಅಂಚಿನಲ್ಲಿ ಹಸಿರು ಇರುವ ಟೂರ್ಮಲಿನ್ ಕೂಡ ಬಹುವರ್ಣದ್ದೇ. ಹ್ಯಾಕ್‌ಮನೈಟಿಗೆ ಮಾತ್ರ ಏನೂ ಹೊಳೆದಿಲ್ಲ.

ಎರಡನೆಯದು, ಸಾಣೆ ಹಿಡಿಯದ ಹರಳನ್ನು ಏನೆನ್ನೋಣ? ‘ಕಚ್ಚಾ’ ನನಗೆ ಹಿಡಿಸುವುದಿಲ್ಲ. ಇನ್ನೂ ಕೆಲಸ ಬಾಕಿ ಇದೆ ಎಂಬ ಅರ್ಥ ಅದರಲ್ಲಿದೆ. ಅಲೆಕ್ಸಾಂಡ್ರೈಟ್‌ನಲ್ಲಿ ಮೂರು ಹರಳುಗಳು ಒಂದರೊಳಗೊಂದು ಹೊಕ್ಕು ಬೆಳೆದು ಆರು ಮೂಲೆಯ ಒಂದೇ ಹರಳಿನಂತೆ ಕಾಣುವುದುಂಟು. ಅಷ್ಟು ಅಚ್ಚುಕಟ್ಟಾಗಿ ತಾನೇ ಬೆಳೆದದ್ದನ್ನು ಕಚ್ಚಾ ಎನ್ನಲು ಮನಸ್ಸು ಬರುವುದಿಲ್ಲ. ‘ಸಾಣೆ ಹಿಡಿಯದ’ ಎಂದರೂ ಇಲ್ಲದ್ದನ್ನೇ ಹೇಳಿದಂತಾಯಿತು.

‘ಹುಟ್ಟುಗುಣ’ದ ಹಾಗೆ ‘ಹುಟ್ಟುಹರಳು’ ಎನ್ನಬಹುದೇ? ಆಗ ತಾನಾಗಿ ಮೂಡಿದ ಮುಖಕ್ಕೆ ‘ಹುಟ್ಟುಮುಖ’, ಕೊರೆದದ್ದಕ್ಕೆ ‘ಸಾಣೆಮುಖ’ ಎಂದು ಜೋಡಿ ಪದಗಳೂ ಸಿಗುತ್ತವೆ. ಒಂದೇ ಅಳುಕು: ಹುಟ್ಟಿದ ತಿಂಗಳಿಗೆ ತಕ್ಕಂತೆ ಹಾಕಿಕೊಳ್ಳುವ ಜನ್ಮರತ್ನ ಎಂದು ಓದುಗರು ತಿಳಿದಾರೇ? ಅಲೆಕ್ಸಾಂಡ್ರೈಟನ್ನು ಜೂನ್ ತಿಂಗಳ ಜನ್ಮರತ್ನ ಎಂದು ಬೇರೆ ಎಣಿಸುತ್ತಾರೆ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ತಿಳಿಸಿ.